ಮೂಗು ಹೋದ ವರ್ಷ ಆರಿಸಿದ ಗಾಡಿ

ಹಳೇ ಕಾರು ಕೊಳ್ಳುವ ಮೊದಲು ನಮ್ಮ ಕುಮಟಾ ಕಡೆಯ ಜನ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು, ಹೆಣ್ಣು ನೋಡಲು ಹೋಗುವಾಗ ಮನೆಯ ಹಿರಿಯನೊಬ್ಬ ಜೊತೆಗಿರಲಿ ಎಂದು ಕರೆಯುವ ಹಾಗೆ. ನಾನು ಮೆಕ್ಯಾನಿಕ್ ಅಲ್ಲ. ಹೆದ್ದಾರಿಯ ಬದಿಯಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟುಕೊಂಡವನು, ಅಷ್ಟೇ. ಇಂಜಿನ್ ಬಿಚ್ಚಿ ಜೋಡಿಸಲು ನನಗೆ ಬರುವುದಿಲ್ಲ. ನನಗಿದ್ದದ್ದು ಮೂಗು.

ಹೊನ್ನಾವರದ ಹೊಳೆಸಾಲಿನಲ್ಲಿ ನೆರೆ ಬಂದ ವರ್ಷಗಳಲ್ಲಿ ಎಷ್ಟೋ ಕಾರುಗಳು ಕಿಟಕಿಯ ಮಟ್ಟಕ್ಕೆ ಮುಳುಗಿದವು. ಅವುಗಳಲ್ಲಿ ಕೆಲವನ್ನು ತೊಳೆದು, ಒಣಗಿಸಿ, ಪಾಲಿಶ್ ಹೊಡೆದು ಬೇಸಿಗೆಯ ಹೊತ್ತಿಗೆ ಮಾರಾಟಕ್ಕೆ ತರುತ್ತಿದ್ದರು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ನಾನು ಮಾಡುತ್ತಿದ್ದದ್ದು ಇಷ್ಟು: ಡ್ರೈವರ್ ಸೀಟಿನಲ್ಲಿ ಕೂತು ಸೀಟ್ ಬೆಲ್ಟನ್ನು ಎಳೆಯುವುದು. ಎಲ್ಲರೂ ಎಳೆಯುವಷ್ಟಲ್ಲ, ಇನ್ನು ಬರುವುದಿಲ್ಲ ಎನ್ನುವ ತನಕ. ಸುರುಳಿಯ ತೀರಾ ಒಳಗಿರುವ ಆ ಒಂದು ಗೇಣು ಪಟ್ಟಿಯನ್ನು ಯಾರೂ ತೊಳೆದಿರುವುದಿಲ್ಲ. ಅದನ್ನು ಮಡಚಿ ಮೂಗಿಗೆ ಹಿಡಿದರೆ ಹೊಳೆಯ ರಾಡಿಯೇ, ಏಸಿ ಸೋರಿದ್ದೇ, ಒಣಮೀನಿನ ಪೆಟ್ಟಿಗೆ ಸಾಗಿಸಿದ್ದೇ, ಎಲ್ಲ ಹೇಳುತ್ತಿದ್ದೆ. ಮಾರುವವರು ಮುಖ ಸಿಂಡರಿಸುತ್ತಿದ್ದರು. ಕೊಳ್ಳುವವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ತಲೆ ಆಡಿಸಿದರೆ ವ್ಯಾಪಾರ, ಇಲ್ಲದಿದ್ದರೆ ಚಹಾ ಕುಡಿದು ವಾಪಸ್ಸು. ಇದಕ್ಕೆ ನಾನು ಯಾರಿಂದಲೂ ಏನೂ ತೆಗೆದುಕೊಂಡವನಲ್ಲ. ಆದರೆ ಸಂತೆಯಲ್ಲಿ ನಡೆದರೆ ನಾಲ್ಕು ಜನ ಮಾತನಾಡಿಸುತ್ತಿದ್ದರಲ್ಲ, ಆ ಜಂಬ ನನಗೆ ಊಟದಷ್ಟೇ ಬೇಕಾಗಿತ್ತು. ಸುಳ್ಳು ಯಾಕೆ ಹೇಳಲಿ?

ಕೊರೊನಾದ ಎರಡನೇ ಸುತ್ತಿನಲ್ಲಿ ನನಗೂ ಜ್ವರ ಬಂತು. ಹೆಚ್ಚೇನೂ ಆಗಲಿಲ್ಲ, ಹತ್ತು ದಿನ ಮಲಗಿ ಎದ್ದೆ. ಎದ್ದು ಕೆಲವು ದಿನಗಳ ಮೇಲೆ ಅಡುಗೆಮನೆಯ ಬಾಗಿಲ ಪಕ್ಕ ಪೇಪರ್ ಓದುತ್ತ ಕೂತಿದ್ದೆ. ಹೆಂಡತಿ ಹಿತ್ತಿಲಿನಿಂದ ಓಡಿ ಬಂದವಳು ಒಲೆ ಆರಿಸಿ ನನ್ನ ಮೇಲೆ ರೇಗಿದಳು.

“ಹಾಲು ತಳ ಹಿಡ್ದು ಕರಟಿ ಹೋಯ್ದು. ಇಲ್ಲೇ ಕೂತಿದ್ರಿ, ನಿಂಗಕ್ಕೆ ವಾಸನೆ ಬಂಜಿಲ್ಯ?”

ಬಂದಿರಲಿಲ್ಲ. ಅವಳು ಇಂಗಿನ ಡಬ್ಬಿ ತಂದು ಮೂಗಿನ ಕೆಳಗೆ ಹಿಡಿದಳು. ಏನೂ ಇಲ್ಲ. ಸೀಮೆಎಣ್ಣೆಯ ಬಾಟಲಿ ತಂದಳು. ಏನೂ ಇಲ್ಲ. ಅವಳು ನಗಲು ಹೊರಟವಳು ನನ್ನ ಮುಖ ನೋಡಿ ಬಾಟಲಿಯ ಮುಚ್ಚಳ ತಿರುಗಿಸಿದಳು. ಡಾಕ್ಟರು “ಬಂದರೂ ಬರಬಹುದು, ಕಾಯಿರಿ” ಎಂದರು. ದಿನಾ ಬೆಳಿಗ್ಗೆ ಲವಂಗ, ಏಲಕ್ಕಿ, ನಿಂಬೆ ಸಿಪ್ಪೆ, ಕಾಫಿಪುಡಿ ಮೂಸಿ ಅಭ್ಯಾಸ ಮಾಡಲು ಹೇಳಿದರು. ಮಾಡಿದೆ, ಪೂಜೆಗೆ ಕೂತವನ ಹಾಗೆ ಸ್ನಾನ ಮಾಡಿ ನಾಲ್ಕು ಬಟ್ಟಲು ಮುಂದಿಟ್ಟುಕೊಂಡು ತಿಂಗಳುಗಟ್ಟಲೆ ಮಾಡಿದೆ. ಮೂಗು ಗೋಡೆಯಂತೆ ಕೂತಿತ್ತು. ಆ ದಿನಗಳಲ್ಲಿ ನನಗೆ ಎಷ್ಟು ಹೆದರಿಕೆಯಾಗಿತ್ತೆಂದರೆ ಹೆಂಡತಿಯಿಂದ ಆಣೆ ಮಾಡಿಸಿಕೊಂಡೆ, ಈ ವಿಷಯ ಮನೆಯ ಹೊರಗೆ ಹೋಗಕೂಡದೆಂದು.

ಗಾಡಿ ನೋಡಲು ಕರೆಯುವವರಿಗೆ ಅಂಗಡಿಯಲ್ಲಿ ಕೆಲಸವಿದೆ ಎಂದೆ. ಸೊಂಟನೋವು ಎಂದೆ. ಒಮ್ಮೆ ತಪ್ಪಿಸಿಕೊಳ್ಳಲಾಗದೆ ಹೋಗಿ, ಬೆಲ್ಟ್ ಎಳೆದು, ಮೂಸಿದ ನಾಟಕವನ್ನೂ ಮಾಡಿ ಬಂದೆ. ಗಾಡಿ ಒಳ್ಳೆಯದೇ ಇತ್ತು, ನನ್ನ ಅದೃಷ್ಟ. ಆ ಅದೃಷ್ಟವೇ ಆಮೇಲೆ ನನಗೆ ಮುಳುವಾಯಿತು.

ಹೀಗಿರುವಾಗ ಹೊನ್ನಾವರದಿಂದ ತಂಗಿಯ ಫೋನು ಬಂತು.

ನನ್ನ ತಂಗಿ ಮದುವೆ ಆದವಳಲ್ಲ. ಇಪ್ಪತ್ತು ವರ್ಷದಿಂದ ಹೊನ್ನಾವರದಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದಾಳೆ. ಎರಡೂ ಕಡೆ ಬ್ರೇಕ್, ಕ್ಲಚ್ಚು ಇರುವ ಬಿಳಿ ಗಾಡಿಯಲ್ಲಿ ಎಡಗಡೆ ಕೂತು, ಬಲಗಡೆಯವರು ಗೇರಿನ ಜೊತೆ ಹೊಡೆದಾಡುವುದನ್ನು ನೋಡುತ್ತ ಅವಳ ಅರ್ಧ ಆಯಸ್ಸು ಹೋಗಿದೆ. ಶರಾವತಿ ಸೇತುವೆಯ ಮೇಲೆ ಇಪ್ಪತ್ತರ ವೇಗದಲ್ಲಿ ಹೋಗುವಾಗ ಹಿಂದಿನ ಲಾರಿಯವರು ಹಾರ್ನ್ ಹೊಡೆದು ಬೈದುಕೊಂಡು ಹೋಗುತ್ತಾರಲ್ಲ, ಆ ಬೈಗುಳವನ್ನು ಅವಳಷ್ಟು ತಿಂದವರು ಈ ಜಿಲ್ಲೆಯಲ್ಲಿ ಯಾರೂ ಇರಲಿಕ್ಕಿಲ್ಲ. ಅವಳು ಚಿಕ್ಕವಳಿದ್ದಾಗಿನಿಂದ ಕಾರಿನ ಪತ್ರಿಕೆ ಓದುತ್ತಿದ್ದಳು. ನಾವಿಬ್ಬರೂ ಕೈಗೆಟುಕದ ಗಾಡಿಗಳನ್ನು ಹೋಲಿಸಿ ಜಗಳಾಡುತ್ತ ಬೆಳೆದವರು.

“ಅಣ್ಣಾ, ಆನು ಒಂದು ಗಾಡಿ ತಗಳವು ಹೇಳಿ ಮಾಡಿದ್ದೆ,” ಎಂದಳು. “ಕಲಿಸಲೆ ಅಲ್ಲ. ನಂಗೆ ಹೊಡೆಯಲೆ. ಸ್ಪೋರ್ಟ್ಸ್ ಗಾಡಿ.”

ನಾನು ನಕ್ಕೆ. ಅವಳು ನಗಲಿಲ್ಲ.

“ಮಂಡಿ ಹೋಯ್ದು ಅಣ್ಣಾ. ಡಾಕ್ಟ್ರು ಇನ್ನೆರಡು ವರ್ಷ, ಹೆಚ್ಚಂದ್ರೆ ಮೂರು, ಅದ್ರ ಮೇಲೆ ಕ್ಲಚ್ ತುಳಿಯಲೆ ಆಗ್ತಿಲ್ಲೆ ಅಂದ. ಇದೊಂದೇ ಸಲ. ನೀನೇ ನೋಡಿ ಹೇಳವು.”

ನಾನು ಆಗಲೇ ಹೇಳಬೇಕಿತ್ತು. ಬಾಯಿ ತುದಿಗೆ ಬಂದಿತ್ತು. “ಆತು, ಬತ್ತೆ” ಎಂದುಬಿಟ್ಟೆ.

ಮೂರು ಗಾಡಿಗಳಿದ್ದವು. ಮೂರೂ ಸೆಕೆಂಡ್ ಹ್ಯಾಂಡ್, ಮೂರರ ಬೆಲೆಯೂ ಹೆಚ್ಚುಕಡಿಮೆ ಒಂದೇ. ಆ ದುಡ್ಡಿಗೆ ಹೊಸ ಗಾಡಿಯೇ ಬರುತ್ತದೆ, ಎತ್ತರದ್ದು, ಐದು ಜನ ಆರಾಮಾಗಿ ಕೂರುವಂಥದ್ದು. ಕಡಿಮೆ ಬೆಲೆಯ ಸ್ಪೋರ್ಟ್ಸ್ ಕಾರಿನ ನಿಜವಾದ ಎದುರಾಳಿ ಇನ್ನೊಂದು ಸ್ಪೋರ್ಟ್ಸ್ ಕಾರಲ್ಲ, ಮನೆಯವರೆಲ್ಲ ತೆಗೆದುಕೋ ಎನ್ನುವ ಆ ಬುದ್ಧಿವಂತ ಗಾಡಿ. ಅದನ್ನು ತಂಗಿ ಮೊದಲೇ ಹೊಡೆದುಹಾಕಿದ್ದಳು. ಉಳಿದದ್ದು ಈ ಮೂರು.

ಹೊನ್ನಾವರದ್ದು ಉದ್ದ ಮೂತಿಯ, ಹಿಂದೆ ರೆಕ್ಕೆ ಅಂಟಿಸಿದ ಗಾಡಿ. ಸೈಲೆನ್ಸರ್ ಬದಲಿಸಿ ಊರೆಲ್ಲ ಕೇಳುವಂತೆ ಗುಡುಗಿಸುತ್ತಿದ್ದರು. ಅದು ವೇಗದ ಗಾಡಿಯಲ್ಲ, ಗದ್ದಲದ ಗಾಡಿ. ಐದು ನಿಮಿಷದಲ್ಲಿ ಬೇಡವೆಂದೆವು. ಉಳಿದವು ಎರಡು. ಒಂದು ಭಟ್ಕಳದ ಪಕ್ಕ ಜಾಲಿಯಲ್ಲಿದ್ದ ಕೆಂಪು ಬಣ್ಣದ, ಎರಡೇ ಬಾಗಿಲಿನ, ನೆಲಕ್ಕೆ ತಾಗುವ ಹಾಗೆ ಕೂತಿದ್ದ ಹಳೆಯ ಮಾದರಿ. ಇನ್ನೊಂದು ಹಿರೇಗುತ್ತಿಯಲ್ಲಿದ್ದ ಕಪ್ಪು ಬಣ್ಣದ ಟರ್ಬೊ ಹ್ಯಾಚ್‌ಬ್ಯಾಕ್, ನೋಡಲು ಸಾಮಾನ್ಯ ಗಾಡಿ, ಒಳಗೆ ಭಾರಿ ಇಂಜಿನ್. ಕಾಗದದ ಮೇಲೆ ಕಪ್ಪಿನದೇ ಗೆಲುವು. ಶಕ್ತಿ ಹೆಚ್ಚು, ವಯಸ್ಸು ಕಡಿಮೆ, ಪಾರ್ಟ್ಸ್ ನನ್ನ ಅಂಗಡಿಯಲ್ಲೇ ಸಿಗುತ್ತವೆ. ಕೆಂಪಿನದು ಹೆಡ್‌ಲೈಟ್ ಒಡೆದರೆ ಮುಂಬೈಯಿಂದ ತರಿಸಬೇಕು. ನಮ್ಮಲ್ಲಿ ಶಾಲೆಗೊಂದು, ದೇವಸ್ಥಾನಕ್ಕೊಂದು ಹಂಪ್ ಇರುವುದರಿಂದ ಹೊಟ್ಟೆ ತಾಗದೆ ಪೇಟೆ ದಾಟುವುದೂ ಕಷ್ಟ. ಆದರೆ ಅದು ಹಗುರ. ನಲವತ್ತರ ವೇಗದಲ್ಲೂ ಖುಷಿ ಕೊಡುವ ಗಾಡಿಯೇ ನಿಜವಾದ ಸ್ಪೋರ್ಟ್ಸ್ ಕಾರು ಎಂಬುದು ನನ್ನ ಹಳೆಯ ವಾದ. ಹೆದ್ದಾರಿಯ ಅಗಲೀಕರಣ ಮುಗಿಯದ ನಮ್ಮ ಕಡೆ ಅದಕ್ಕಿಂತ ವೇಗ ಹೋಗುವುದಾದರೂ ಎಲ್ಲಿ? ತಂಗಿಯ ಮನಸ್ಸೂ ಕೆಂಪಿನ ಕಡೆಗೇ ಇತ್ತು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಜಾಲಿಗೆ ಹೋದೆವು. ಗಾಡಿಯ ಯಜಮಾನರು ಎಪ್ಪತ್ತು ದಾಟಿದ ನವಾಯತ ಮುಸ್ಲಿಂ ಹಿರಿಯರು. ಗಾಡಿಗೆ ಹೊದಿಸಿದ್ದ ಬಟ್ಟೆಯನ್ನು ತಾವೇ ಮಡಚಿ ತೆಗೆದರು.

“ಮಗ ದುಬೈಲಿ ಇದ್ದಾನೆ. ವರ್ಷಕ್ಕೆ ಒಂದ್ ತಿಂಗ್ಳು ಓಡಿಸ್ತಾನೆ. ಉಳಿದ ದಿನ ನಾನು ಒರೆಸ್ತಾ ಕೂತ್ಕೊಳ್ಳೋದು,” ಎಂದರು. “ಒಂದು ಮಾತು ಮೊದ್ಲೇ ಹೇಳ್ತೇನೆ. ಹೋದ ಮಳೆಗೆ ನಮ್ಮ ಗಲ್ಲಿಲಿ ನೀರು ನಿಂತು ಟೈರಿನ ಅರ್ಧಕ್ಕೆ ಬಂದಿತ್ತು. ಒಳಗೆ ಹೋಗ್ಲಿಲ್ಲ. ನೀವು ತಿಳಿದೋರು, ನೋಡ್ಕೊಳ್ಳಿ.”

ತಂಗಿ ಬಾಗಿಲು ತೆಗೆದು ಒಳಗೆ ಬಗ್ಗಿದವಳೇ, “ಅಯ್ಯ, ಎಷ್ಟು ಪರಿಮಳ!” ಎಂದಳು. ಆಗ ನೋಡಿದೆ, ಕನ್ನಡಿಗೆ ಭಟ್ಕಳ ಮಲ್ಲಿಗೆಯ ಮಾಲೆ ಕಟ್ಟಿದ್ದರು. ಮನೆಗೆ ಹೆಣ್ಣುಮಗಳು ಗಾಡಿ ನೋಡಲು ಬರುತ್ತಾಳೆಂದು ಮರ್ಯಾದೆಗೆ ಕಟ್ಟಿಸಿದ್ದರಂತೆ. ನಾನು ಅದರ ಪಕ್ಕದಲ್ಲೇ ತಲೆ ತೂರಿಸಿದ್ದೆ. ನನ್ನ ಪಾಲಿಗೆ ಅದು ಬಿಳಿ ದಾರದ ಉಂಡೆಯಾಗಿತ್ತು.

ಸೀಟಿನಲ್ಲಿ ಕೂತು ಬೆಲ್ಟ್ ಎಳೆದೆ, ಕೊನೆಯ ತನಕ. ಮಡಚಿ ಮೂಗಿಗೆ ಹಿಡಿದೆ. ಏನೂ ಇಲ್ಲ. ಕಣ್ಣು ಮುಚ್ಚಿ ಮತ್ತೆ ಉಸಿರು ಎಳೆದುಕೊಂಡೆ, ಎದೆ ನೋಯುವಷ್ಟು. ಏನೂ ಇಲ್ಲ. ಗಾಡಿ ಶುದ್ಧವಾಗಿದ್ದರೂ ಏನೂ ಇರುವುದಿಲ್ಲ, ಹೊಳೆಯಲ್ಲಿ ಮುಳುಗೆದ್ದಿದ್ದರೂ ನನಗೆ ಏನೂ ಇರುವುದಿಲ್ಲ. ಹಿರಿಯರು ನನ್ನ ಮುಖ ನೋಡುತ್ತಿದ್ದರು. ತಂಗಿ ನನ್ನ ಮುಖ ನೋಡುತ್ತಿದ್ದಳು. ಟೈರಿನ ಅರ್ಧಕ್ಕೆ ನೀರು ಬಂದಿತ್ತು ಎಂದು ಅವರೇ ಹೇಳಿದ್ದಾರೆ. ಅರ್ಧ ಎಂದವರು ಮುಕ್ಕಾಲನ್ನು ಮುಚ್ಚಿಟ್ಟಿದ್ದರೆ? ನಾನು ಒಪ್ಪಿ, ನಾಳೆ ಗಾಡಿ ಕೈಕೊಟ್ಟರೆ? ಬೇಡವೆಂದರೆ ತಪ್ಪು ಯಾರಿಗೂ ಗೊತ್ತಾಗುವುದಿಲ್ಲ. ಒಪ್ಪಿದರೆ ಮಾತ್ರ ಸಿಕ್ಕಿಬೀಳುವುದು.

“ನೀರು ಒಳಗೆ ಹೋಗಿದೆ ಸಾಹೇಬ್ರೆ,” ಎಂದೆ.

ಅವರು ಮಡಚಿಟ್ಟಿದ್ದ ಬಟ್ಟೆಯನ್ನು ಕೈಗೆತ್ತಿಕೊಂಡರು. “ನಿಮ್ಗೆ ಹಾಗೆ ಕಂಡ್ರೆ ಬಿಡಿ. ತಗೋಬೇಡಿ. ಆದ್ರೆ ನಾನು ಸುಳ್ಳು ಹೇಳ್ಲಿಲ್ಲ,” ಎಂದರು. ಆದರೂ ಚಹಾ ಕುಡಿಸದೆ ಕಳಿಸಲಿಲ್ಲ. ಆ ಲೋಟ ಹಿಡಿದು ಕೂತಿದ್ದಾಗ ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ತಂಗಿ ಹೊರಗೆ ಬಂದು ಒಂದು ಸಲ ಹಿಂದಿರುಗಿ ಆ ಗಾಡಿಯನ್ನು ನೋಡಿದಳು. “ನಿನ್ನ ಮೂಗು ಹೇಳಿದ್ ಮೇಲೆ ಮುಗತ್ತು,” ಎಂದು ನನ್ನ ಹೆಗಲ ಮೇಲೆ ಕೈಯಿಟ್ಟಳು.

ಮರುವಾರ ಹಿರೇಗುತ್ತಿ. ಕಪ್ಪು ಗಾಡಿಯವನು ಬಾಯಿ ಮುಚ್ಚದ ಮನುಷ್ಯ. ನಾನು ಬೆಲ್ಟ್ ಎಳೆದೆ, ಮೂಸಿದೆ, ಮತ್ತದೇ ಗೋಡೆ. ಕಣ್ಣಿಗೆ ಗೊತ್ತಾಗಬಹುದಾದದ್ದನ್ನೆಲ್ಲ ನೋಡಿದೆ. ಸ್ಟೆಪ್ನಿ ಎತ್ತಿ ನೋಡಿದೆ, ಬೋಲ್ಟುಗಳ ತುಕ್ಕು ನೋಡಿದೆ, ಬಲ್ಬುಗಳ ಒಳಗೆ ಕೆಸರಿನ ಗೆರೆಯಿದೆಯೇ ನೋಡಿದೆ. ಎಲ್ಲ ಸರಿಯಿತ್ತು, ಅಥವಾ ಎಲ್ಲವನ್ನೂ ಸರಿ ಮಾಡಿದ್ದರು. ಇದನ್ನೂ ಬೇಡವೆಂದರೆ ತಂಗಿಗೆ ಬೇರೆ ಗಾಡಿಯಿರಲಿಲ್ಲ. ಇನ್ನಷ್ಟು ತಿಂಗಳು ಹುಡುಕಬೇಕು, ನಾನು ಇನ್ನಷ್ಟು ತಿಂಗಳು ಮೂಸುವ ನಾಟಕ ಮಾಡಬೇಕು. ಅವಳ ಮಂಡಿ ಕಾಯುವುದಿಲ್ಲ.

“ಹೊಡೆದು ನೋಡು,” ಎಂದೆ.

ಮಿರ್ಜಾನ್ ದಾಟುವ ತನಕ ಅವಳು ಓಡಿಸಿದಳು, ನಾನು ಪಕ್ಕದಲ್ಲಿದ್ದೆ. ಮೂರನೇ ಗೇರಿನಲ್ಲಿ ಟರ್ಬೊ ಎದ್ದು ಬೆನ್ನು ಸೀಟಿಗೆ ಒತ್ತಿದಾಗ ನನ್ನ ತಂಗಿ ಜೋರಾಗಿ ನಕ್ಕಳು. ಇಪ್ಪತ್ತು ವರ್ಷ ನಿಧಾನ, ನಿಧಾನ, ಬ್ರೇಕ್, ಬ್ರೇಕ್ ಎಂದು ಕೂಗಿದ ಗಂಟಲು ಅದು. ಆ ನಗುವನ್ನು ನಾನು ಅಷ್ಟು ವರ್ಷಗಳಲ್ಲಿ ಕೇಳಿರಲಿಲ್ಲ.

“ಹೆಂಗಿದ್ದು ಅಣ್ಣಾ? ಹೇಳು, ಹೆಂಗಿದ್ದು?”

“ಚೊಲೋ ಇದ್ದು,” ಎಂದೆ. “ತಗ.”

ಮಾರ್ಚ್, ಏಪ್ರಿಲ್, ಮೇ. ಮೂರು ತಿಂಗಳು ಅವಳು ಹಕ್ಕಿಯ ಹಾಗಿದ್ದಳು. ಭಾನುವಾರ ಬೆಳಿಗ್ಗೆ ಕಾಗಾಲಕ್ಕೋ ಅಘನಾಶಿನಿಯ ದಂಡೆಗೋ ಹೋಗಿ ಬಂದು, ಬರುವಾಗ ನಮ್ಮ ಮನೆಗೆ ತಿಂಡಿಗೆ ಬರುತ್ತಿದ್ದಳು. ಯಾವ ತಿರುವಿನಲ್ಲಿ ಹೇಗೆ ಎಳೆಯಿತು ಎಂದು ದೋಸೆ ತಣ್ಣಗಾಗುವ ತನಕ ವರ್ಣಿಸುತ್ತಿದ್ದಳು. ನಾನು ಹೂಂಗುಟ್ಟುತ್ತಿದ್ದೆ. ಗಾಡಿ ನಿಜಕ್ಕೂ ಒಳ್ಳೆಯದೇ ಇರಬಹುದು, ಈ ಸಲವೂ ಅದೃಷ್ಟ ಕೈಹಿಡಿದಿರಬಹುದು ಎಂದು ದೇವರಿಗೆ ದೀಪ ಹಚ್ಚಿದೆ. ಮಳೆ ತಡವಾಗಿ ಬರಲಿ ಎಂದು ಬೇಡಿಕೊಂಡ ಮನುಷ್ಯ ಆ ವರ್ಷ ಇಡೀ ತಾಲೂಕಿನಲ್ಲಿ ನಾನೊಬ್ಬನೇ ಇದ್ದೆನೇನೋ.

ಜೂನಿನಲ್ಲಿ ಮಳೆ ಹಿಡಿಯಿತು. ಮೊದಲು ಮೀಟರಿನ ದೀಪಗಳು ಸುಮ್ಮಸುಮ್ಮನೆ ಹತ್ತಿದವು. ಆಮೇಲೆ ಕಿಟಕಿ ಗಾಜು ಅರ್ಧಕ್ಕೇ ನಿಂತಿತು. ತಂಗಿ ಫೋನ್ ಮಾಡಿದಾಗಲೆಲ್ಲ ಫ್ಯೂಸ್ ಇರಬಹುದು, ಬ್ಯಾಟರಿ ಇರಬಹುದು ಎಂದೆ. ನಿದ್ದೆ ಬಾರದಾಯಿತು. ಜುಲೈಯ ಒಂದು ಮಧ್ಯಾಹ್ನ ಅವಳು ಶಿರಸಿಯಿಂದ ಇಳಿದು ಬರುತ್ತಿದ್ದಳು. ದೇವಿಮನೆ ಘಾಟಿಯ ತಿರುವಿನ ನಟ್ಟನಡುವೆ, ಮಂಜಿನಲ್ಲಿ, ಗಾಡಿ ಒಮ್ಮೆಗೇ ಸತ್ತಿತು. ಲೈಟಿಲ್ಲ, ಹಾರ್ನಿಲ್ಲ, ಸ್ಟೀರಿಂಗ್ ಕಲ್ಲಾಯಿತು. ಹಿಂದಿನಿಂದ ಬಂದ ಲಾರಿ ಕೊನೇ ಗಳಿಗೆಯಲ್ಲಿ ನೋಡಿ ಪಕ್ಕಕ್ಕೆ ಎಳೆದುಕೊಂಡು, ಕನ್ನಡಿ ಮುರಿದುಕೊಂಡು ಹೋಯಿತಂತೆ. ಒಂದು ಗೇಣು ಈಚೆ ಬಂದಿದ್ದರೆ ಅವಳು ಇರುತ್ತಿರಲಿಲ್ಲ.

ಗಾಡಿಯನ್ನು ಎಳೆದು ತಂದು ಕುಮಟಾದ ಗ್ಯಾರೇಜಿನಲ್ಲಿ ನಿಲ್ಲಿಸಿದರು. ಮೆಕ್ಯಾನಿಕ್ ಸೀಟು ಬಿಚ್ಚಿ ಹೊರಗಿಟ್ಟು ನೆಲದ ಕಾರ್ಪೆಟ್ಟನ್ನೂ ಅದರಡಿ ಅಂಟಿಸಿದ್ದ ದಪ್ಪ ಪ್ಲಾಸ್ಟಿಕ್ಕನ್ನೂ ಎರಡು ಕೈಯಲ್ಲಿ ಎತ್ತಿದ. ಕೆಳಗೆ ನುಣ್ಣನೆಯ ಹೊಳೆಮಣ್ಣು, ತೇವ ಹೀರಿ ಗಂಜಿಯ ಹಾಗಾಗಿತ್ತು. ತಂತಿಗಳ ಗಂಟುಗಳೆಲ್ಲ ಹಸಿರು ಹಿಡಿದಿದ್ದವು. ಎಲ್ಲಿಯವರೆಗೆ ಹಾಳಾಗಿದೆ ಎಂದು ನೋಡಲು ನಾನು ಬಗ್ಗಿ ಆ ಮಣ್ಣಿನ ಮೇಲೆಯೇ ಮುಖವಿಟ್ಟಂತೆ ನಿಂತೆ.

ತಲೆ ಎತ್ತಿದಾಗ ಮೆಕ್ಯಾನಿಕ್ ಎರಡು ಹೆಜ್ಜೆ ಹಿಂದೆ ಸರಿದು ತೋಳಿನಿಂದ ಮೂಗು ಮುಚ್ಚಿಕೊಂಡಿದ್ದ. ಪಕ್ಕದಲ್ಲಿ ಬೈಕು ರಿಪೇರಿಗೆ ಬಂದಿದ್ದವರಿಬ್ಬರು ಕರ್ಚೀಫು ಹಿಡಿದು ಬಾಗಿಲಿಗೆ ಹೋಗಿದ್ದರು. ತಂಗಿ ಸೆರಗನ್ನು ಮುಖಕ್ಕೆ ಒತ್ತಿಕೊಂಡು ನಿಂತಿದ್ದಳು. ಸೆರಗಿನ ಮೇಲಿನ ಎರಡು ಕಣ್ಣು ನನ್ನನ್ನೇ ನೋಡುತ್ತಿದ್ದವು.

“ಅಣ್ಣಾ, ನಿಂಗೆ ವಾಸನೆ ಬತ್ತಿಲ್ಯ?”

ನಾನು ಸುಳ್ಳು ಹುಡುಕಿದೆ. ಸಿಗಲಿಲ್ಲ.

“ಇಲ್ಲೆ,” ಎಂದೆ.

“ಎಷ್ಟು ದಿನ ಆತು?”

“ವರ್ಷದ ಮೇಲಾತು.”

ಅವಳು ಲೆಕ್ಕ ಹಾಕಿದ್ದು ಮುಖದಲ್ಲೇ ಕಂಡಿತು. “ಹಂಗಾರೆ ಜಾಲಿ ಗಾಡಿ? ಅದ್ರಲ್ಲಿ ನೀರು ಹೋಗಿತ್ತು ಅಂದ್ಯಲ?”

“ಗೊತ್ತಿಲ್ಲೆ.”

ಅವಳು ಕುಂಟುತ್ತ ಹೊರಗೆ ಹೋಗಿ ರಿಕ್ಷಾ ಹತ್ತಿದಳು. ರಿಪೇರಿಗೆ ಆಗುವ ಖರ್ಚಿನಲ್ಲಿ ಇನ್ನೊಂದು ಅಂಥದೇ ಗಾಡಿ ಬರುತ್ತಿತ್ತು. ಮಾರಿದವನ ಫೋನು ಸ್ವಿಚ್ ಆಫ್. ಕಪ್ಪು ಗಾಡಿ ಅಲ್ಲೇ, ಸೀಟಿಲ್ಲದೆ, ಮಳೆಗೆ ನೆನೆಯುತ್ತ ಕೂತಿತು.

ಮೂರು ವಾರ ಅವಳು ನನ್ನ ಫೋನ್ ಎತ್ತಲಿಲ್ಲ. ಅಂಗಡಿಯ ಬಾಗಿಲು ತೆಗೆದು ಕೂರುತ್ತಿದ್ದೆ, ಯಾರು ಏನು ಕೇಳಿದರೂ ತಪ್ಪು ಪಾರ್ಟು ಕೊಡುತ್ತಿದ್ದೆ. ಊರಿಗೆಲ್ಲ ಸುದ್ದಿ ಹಬ್ಬಿತ್ತು. ನಾನು ಅಷ್ಟೊಂದು ಹೆದರಿದ್ದ ಆ ಅವಮಾನ ಬಂದು ಎದುರಿಗೇ ನಿಂತಿತ್ತು. ಆಶ್ಚರ್ಯವೆಂದರೆ ಅದು ನನಗೆ ತಾಗಲೇ ಇಲ್ಲ. ತಾಗುತ್ತಿದ್ದದ್ದು ಆ ಘಾಟಿಯ ಲಾರಿ. ಕಣ್ಣು ಮುಚ್ಚಿದರೆ ಅದೇ ಬರುತ್ತಿತ್ತು.

ಕೊನೆಗೊಂದು ದಿನ ಬಸ್ಸು ಹತ್ತಿ ಜಾಲಿಗೆ ಹೋದೆ. ಹಿರಿಯರು ಗುರುತು ಹಿಡಿದರು. ನಿಂತುಕೊಂಡೇ ಎಲ್ಲ ಹೇಳಿದೆ, ಮೂಗಿಲ್ಲದೆ ನಿಮ್ಮ ಮಾತನ್ನು ಸುಳ್ಳು ಮಾಡಿದೆ, ತಪ್ಪಾಯಿತು ಎಂದೆ. ಅವರು ಕುರ್ಚಿ ಎಳೆದು ಕೂರಿಸಿದರು. ಗಾಡಿ ಏಪ್ರಿಲ್‌ನಲ್ಲೇ ಮಾರಾಟವಾಗಿತ್ತು.

“ತಗೊಂಡೋರು ಮೊನ್ನೆನೂ ಫೋನ್ ಮಾಡಿದ್ರು. ಚೆನ್ನಾಗಿ ಓಡ್ತಾ ಇದೆಯಂತೆ,” ಎಂದರು. ಆಮೇಲೆ ನನ್ನ ಮುಖ ನೋಡಿ, ಹೇಳಬಾರದಿತ್ತೇನೋ ಎಂಬಂತೆ ಚಹಾ ತರಲು ಒಳಗೆ ಕೂಗಿದರು.

ವಾಪಸ್ಸು ಬರುವಾಗ ಹೊನ್ನಾವರದಲ್ಲಿ ಇಳಿದೆ. ತಂಗಿ ಸ್ಕೂಲಿನ ಮುಂದೆ ಬಿಳಿ ಗಾಡಿಯ ಎಡಗಡೆ ಸೀಟಿನಲ್ಲಿ ಕೂತು ಕಲಿಯುವವರಿಗಾಗಿ ಕಾಯುತ್ತಿದ್ದಳು. ಹೋಗು ಎನ್ನಲಿಲ್ಲ. ಡ್ರೈವರ್ ಸೀಟಿನಲ್ಲಿ ಕೂತು ಜಾಲಿಯ ಸುದ್ದಿ ಹೇಳಿದೆ. ಮಾನ ಹೋಗುತ್ತದೆಂದು ಹೆದರಿದೆ, ಮೂಗು ಬಿಟ್ಟರೆ ನನ್ನಲ್ಲಿ ಇನ್ನೇನೂ ಇರಲಿಲ್ಲ, ಅದಕ್ಕೇ ಮುಚ್ಚಿಟ್ಟೆ ಎಂದೆ. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಐವತ್ತು ದಾಟಿದ ಗಂಡಸು, ಬಜಾರಿನ ನಡುವೆ.

ಅವಳು ತನ್ನ ಕಡೆಯ ಬೆಲ್ಟನ್ನು ತುಸು ಎಳೆದು ಬಿಟ್ಟಳು. ಆಮೇಲೆ ಕೇಳಿದಳು, ಸಿಟ್ಟಿನಿಂದಲ್ಲ, ನಿಜವಾಗಿ ಅರ್ಥವಾಗದೆ ಕೇಳುವವಳ ಹಾಗೆ.

“ಬೆಲ್ಟಿನ ಕೊನೆ ಎಲ್ಲಿದ್ದು ಹೇಳಿ ನಿಂಗೆ ಗೊತ್ತಿತ್ತು. ಆನು ಪಕ್ಕದಲ್ಲೇ ನಿಂತಿದ್ದೆ. ನೀ ಎಳೆದು ಕೊಟ್ಟಿದ್ರೆ ಆನು ಮೂಸ್ತಿದ್ನಲ ಅಣ್ಣಾ?”